ಸಾಲಿನ ಮಧ್ಯದಿಂದ ಹೊರಹರಿವಿನ ಸಂಖ್ಯೆ ಮಾತ್ರ ತೆಗೆಯೋದು ಹೇಗೆ? ಕೆಲವು ದಿನ ಸರಿ, ಕೆಲವು ದಿನ ಏನೇನೋ ಬರುತ್ತಿದೆ

ತಾಳಗುಪ್ಪದ ಹುಡುಗ

ಎಲ್ಲರಿಗೂ ನಮಸ್ಕಾರ. ತಾಳಗುಪ್ಪದ ಹತ್ತಿರ ನಮ್ಮ ಚಿಕ್ಕಪ್ಪ ಹೋಂಸ್ಟೇ ನಡೆಸುತ್ತಾರೆ. ಮಳೆಗಾಲ ಶುರುವಾದರೆ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ: ಜೋಗದಲ್ಲಿ ನೀರಿದೆಯಾ, ಲಿಂಗನಮಕ್ಕಿ ಎಷ್ಟು ತುಂಬಿದೆ, ಗೇಟ್ ತೆಗೆದರಾ. ಅದಕ್ಕೆ ಹೋಂಸ್ಟೇ ವೆಬ್‌ಸೈಟ್‌ನಲ್ಲಿ ಡ್ಯಾಮ್ ಮಟ್ಟ ತೋರಿಸುವ ಒಂದು ಚಿಕ್ಕ ಪುಟ ಮಾಡಿದ್ದೇನೆ. ಪರಿಚಯದವರು ದಿನಾ ಬೆಳಿಗ್ಗೆ ಒಂದು ಸಾಲು ಕಳಿಸುತ್ತಾರೆ, ಅದನ್ನು ನಾನು ಹಾಗೇ ಪೇಸ್ಟ್ ಮಾಡುತ್ತೇನೆ, ಉಳಿದದ್ದು ಜಾವಾಸ್ಕ್ರಿಪ್ಟ್ ಮಾಡಬೇಕು. ಸಾಲು ಹೀಗಿರುತ್ತದೆ (ಮಟ್ಟ, ಹರಿವು ಸುಮ್ನೆ ಉದಾಹರಣೆಗೆ ಹಾಕಿದ್ದು):

ಲಿಂಗನಮಕ್ಕಿ: ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ 1794.60 ಅಡಿ, ಒಳಹರಿವು 35,210 ಕ್ಯೂಸೆಕ್, ಹೊರಹರಿವು 4,380 ಕ್ಯೂಸೆಕ್

ನನಗೆ ಬೇಕಿರುವುದು ಮೂರು ಸಂಖ್ಯೆ. ಇಂದಿನ ಮಟ್ಟ, ಒಳಹರಿವು, ಹೊರಹರಿವು.

ಈಗ ಮಾಡಿರುವುದು ಇಷ್ಟು. ಇಂಡೆಕ್ಸ್‌ಆಫ್ ಹಾಕಿ 'ಹೊರಹರಿವು' ಎಲ್ಲಿದೆ ಅಂತ ಹುಡುಕುತ್ತೇನೆ. ಆ ಪದದ ಉದ್ದ 8, ಅದನ್ನು ಕೂಡಿಸುತ್ತೇನೆ. ಅಲ್ಲಿಂದ ಸಬ್‌ಸ್ಟ್ರ್ ಹಾಕಿ 7 ಅಕ್ಷರ ತೆಗೆದು ಟ್ರಿಮ್ ಮಾಡುತ್ತೇನೆ. ಒಳಹರಿವಿಗೂ ಹಾಗೇ, ಅಲ್ಲಿ ಉದ್ದ 7.

ತೊಂದರೆ ಎರಡು. ಒಳಹರಿವು ಯಾವಾಗಲೂ ಸರಿಯಾಗಿ ಬರುತ್ತದೆ, ಬೇಸಿಗೆಯಲ್ಲಿ ಮಾತ್ರ '620 ಕ್' ಅಂತ ಬಾಲ ಸೇರಿಕೊಳ್ಳುತ್ತದೆ. ಆದರೆ ಹೊರಹರಿವು ಕೆಲವು ದಿನ ಸರಿ ಬರುತ್ತದೆ, ಕೆಲವು ದಿನ ಆ ಜಾಗದಲ್ಲಿ '್ಕಿ: ಗರ' ಅಂತ, ಮುಂದೆ ಒಂದು ಚುಕ್ಕಿಗಳ ಸೊನ್ನೆ ಜೊತೆ ಬರುತ್ತದೆ. ಸಾಲನ್ನು ಕಣ್ಣಿಟ್ಟು ನೋಡಿದೆ. 'ಹೊರಹರಿವು' ಅಂತ ಸ್ಪಷ್ಟವಾಗಿ ಇದೆ, ಕಾಗುಣಿತ ಸರಿ ಇದೆ. ಗಮನಿಸಿದ ಒಂದು ವಿಷಯ ಅಂದರೆ ಸಾಲು ಕಳಿಸುವವರು ಇಬ್ಬರು, ಒಬ್ಬರು ಕಳಿಸಿದ ದಿನ ಮಾತ್ರ ಹೀಗಾಗುತ್ತದೆ. ಏನಿರಬಹುದು?

ಗಾಜನೂರು ಗಿರಿ

ಮೊದಲು ಸಬ್‌ಸ್ಟ್ರ್ ಬಿಡಿ ಮಾರಾಯ್ರೆ. ಅದು ಈಗಲೂ ಎಲ್ಲಾ ಬ್ರೌಸರ್‌ನಲ್ಲಿ ಓಡುತ್ತದೆ, ನಿಜ, ಆದರೆ ಜಾವಾಸ್ಕ್ರಿಪ್ಟ್ ಮಾನದಂಡದಲ್ಲಿ ಅದನ್ನು ಹಳೆಯ ಕೋಡ್‌ಗೋಸ್ಕರ ಉಳಿಸಿಕೊಂಡ ಭಾಗಕ್ಕೆ ತಳ್ಳಿದ್ದಾರೆ, ಹೊಸದಾಗಿ ಬಳಸಬೇಡಿ ಅಂತಲೇ ಹೇಳುತ್ತಾರೆ. ಸ್ಲೈಸ್ ಹಾಕಿ.

ಹಾಗಂತ ಬರೀ ಹೆಸರು ಬದಲಿಸಿದರೆ ಆಗುವುದಿಲ್ಲ, ಇದು ಮುಖ್ಯ. ಸಬ್‌ಸ್ಟ್ರ್‌ಗೆ ಎರಡನೇ ಸಂಖ್ಯೆ ಅಂದರೆ ಎಷ್ಟು ಅಕ್ಷರ ಬೇಕು ಅಂತ. ಸ್ಲೈಸ್‌ಗೆ ಎರಡನೇ ಸಂಖ್ಯೆ ಅಂದರೆ ಎಲ್ಲಿ ನಿಲ್ಲಿಸಬೇಕು ಅಂತ. 80ರಿಂದ 7 ಅಕ್ಷರ ಬೇಕಿದ್ದರೆ ಸ್ಲೈಸ್‌ಗೆ 80 ಮತ್ತು 87 ಕೊಡಬೇಕು. ಸುಮ್ನೆ 80, 7 ಕೊಟ್ಟರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಸಬ್‌ಸ್ಟ್ರಿಂಗ್ ಅಂತ ಮೂರನೆಯದು ಒಂದಿದೆಯಲ್ಲ, ಅದಕ್ಕೆ 80, 7 ಕೊಟ್ಟರೆ ಇನ್ನೂ ಕಷ್ಟ. ಅದು ಎರಡನ್ನೂ ತಾನೇ ಅದಲುಬದಲು ಮಾಡಿಕೊಂಡು 7ರಿಂದ 80ರವರೆಗೆ ಸಾಲಿನ ಮುಂಭಾಗ ಕೊಟ್ಟುಬಿಡುತ್ತದೆ, ತಪ್ಪಾಯಿತು ಅಂತ ಹೇಳುವುದೇ ಇಲ್ಲ.

ಆಮೇಲೆ ಇಷ್ಟು ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಸಾಲಿನಲ್ಲಿ ಅಲ್ಪವಿರಾಮ ಇದೆ, ಸ್ಪ್ಲಿಟ್ ಮಾಡಿ, ನಾಲ್ಕು ತುಂಡು ಬರುತ್ತದೆ, ನಾಲ್ಕನೆಯದರಲ್ಲಿ ಹೊರಹರಿವು.

ಸಾಗರದವಳು

ಗಿರಿ ಅವರೇ, ಅಲ್ಪವಿರಾಮಕ್ಕೆ ಸ್ಪ್ಲಿಟ್ ಮಾಡಿದರೆ 35,210 ಕೂಡ ಎರಡು ತುಂಡಾಗುತ್ತದೆ. 4,380 ಕೂಡ. ನಾಲ್ಕರ ಬದಲು ಆರು ಬರುತ್ತದೆ, ಬೇಸಿಗೆಯಲ್ಲಿ ಹರಿವು ಸಾವಿರಕ್ಕಿಂತ ಇಳಿದರೆ ಮತ್ತೆ ನಾಲ್ಕು. ಮಾಡಲೇಬೇಕಿದ್ದರೆ 'ಆದ ಕೂಡಲೇ ಅಂಕಿ ಬರದಿರುವ ಅಲ್ಪವಿರಾಮ' ಅಂತ ರೆಗೆಕ್ಸ್ (ಹುಡುಕಬೇಕಾದ ಪಠ್ಯದ ಮಾದರಿ) ಕೊಡಿ:

/,(?![0-9])/

ಅಲ್ಪವಿರಾಮ ಆದಮೇಲೆ ಖಾಲಿ ಜಾಗ ಬಿಟ್ಟರೂ ಬಿಡದಿದ್ದರೂ ಇದು ನಡೆಯುತ್ತದೆ.

ತಾಳಗುಪ್ಪದ ತಮ್ಮಾ, ನಿಮ್ಮ ನಿಜವಾದ ತೊಂದರೆ ಬೇರೆ ಕಡೆ ಇದೆ. '್ಕಿ: ಗರ' ಎಲ್ಲಿಂದ ಬಂತು ಅಂತ ಸಾಲಿನಲ್ಲೇ ಹುಡುಕಿ ನೋಡಿ. ಲಿಂಗನಮಕ್ಕಿ ಪದವನ್ನು ಕಂಪ್ಯೂಟರ್ ಎಣಿಸುವ ರೀತಿ ಎಣಿಸಿ. ಲ 0, ಗುಡಿಸು 1, ಸೊನ್ನೆ 2, ಗ 3, ನ 4, ಮ 5, ಕ 6, ಹಲಂತ (ಅರ್ಧಾಕ್ಷರದ ್ ಚಿಹ್ನೆ) 7. ನಿಮ್ಮ ತುಂಡು ಶುರುವಾಗಿರುವುದು ಸರಿಯಾಗಿ 7ರಿಂದ. ನೀವು ಪದದ ಉದ್ದ 8 ಕೂಡಿಸುತ್ತೀರಿ ಅಂದಿರಿ. ಹಾಗಾದರೆ ಇಂಡೆಕ್ಸ್‌ಆಫ್ ಕೊಟ್ಟಿರುವುದು -1. ಅಂದರೆ 'ಹೊರಹರಿವು' ಅನ್ನುವುದು ಅದಕ್ಕೆ ಸಿಗಲೇ ಇಲ್ಲ. ಸಿಗದಿದ್ದರೆ ಅದು ನಿಲ್ಲುವುದಿಲ್ಲ, -1 ಅಂತ ಒಂದು ಸಂಖ್ಯೆ ಕೊಡುತ್ತದೆ, ನೀವು ಅದಕ್ಕೆ 8 ಸೇರಿಸುತ್ತೀರಿ, ಸಾಲಿನ ತಲೆಯಿಂದ ಏನೋ ಕಿತ್ತುಕೊಂಡು ಬರುತ್ತದೆ. ಹಲಂತಕ್ಕಿಂತ ಮೊದಲು ವ್ಯಂಜನ ಇಲ್ಲದ್ದರಿಂದ ಒತ್ತು ಕೂರಲು ಜಾಗ ಇಲ್ಲ, ಅದಕ್ಕೆ ಚುಕ್ಕಿ ಸೊನ್ನೆ.

ಕಣ್ಣಿಗೆ ಕಾಣುವ ಪದ ಯಾಕೆ ಸಿಗಲಿಲ್ಲ? ನನ್ನ ಅನುಮಾನ ಇಡೀ 'ಹೊ' ಮೇಲೆ. ಒಂದು ಕೆಲಸ ಮಾಡಿ. ತೊಂದರೆ ಕೊಡುವ ಸಾಲಿನಿಂದ 'ಹೊರಹರಿವು' ಪದ ಮಾತ್ರ ಕಾಪಿ ಮಾಡಿ ಬ್ರೌಸರ್‌ನ ಕನ್ಸೋಲ್‌ನಲ್ಲಿ ಅದರ ಲೆಂಗ್ತ್ ನೋಡಿ. ಒಳ್ಳೆಯ ಸಾಲಿನಿಂದಲೂ ತೆಗೆದು ನೋಡಿ. ಒಂದರಲ್ಲಿ 8, ಇನ್ನೊಂದರಲ್ಲಿ 9 ಬರಬೇಕು.

ತಾಳಗುಪ್ಪದ ಹುಡುಗ

ಅಕ್ಕಾ, ಹಾಗೇ ಬಂತು! ಒಬ್ಬರದ್ದು 8, ಇನ್ನೊಬ್ಬರದ್ದು 9. ನೋಡಲು ಎರಡೂ ಒಂದೇ ಇದೆ. ಆ ಒಂದು ಜಾಸ್ತಿ ಎಲ್ಲಿ ಅಡಗಿದೆ?

ಸಾಗರದವಳು

ಯೂನಿಕೋಡ್‌ನಲ್ಲಿ 'ಹೊ' ಬರೆಯಲು ಎರಡು ದಾರಿ ಇದೆ. ಒಂದು, ಹ ಆದಮೇಲೆ ಒತ್ವದ ಒಂದೇ ಚಿಹ್ನೆ. ಇನ್ನೊಂದು, ಹ ಆದಮೇಲೆ ಎತ್ವ, ಅದಾದಮೇಲೆ ದೀರ್ಘ ಕೊಂಬು, ಅಂದರೆ 'ಹೆ'ಗೆ ಊ ಕಾರದ ಚಿಹ್ನೆ ಅಂಟಿಸಿದ ಹಾಗೆ. ಎರಡನ್ನೂ ಪರದೆಯ ಮೇಲೆ ಫಾಂಟ್ ಒಂದೇ ತರಹ ಬಿಡಿಸುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಒಂದೇ ಅಕ್ಷರ. ಆದರೆ ಇಂಡೆಕ್ಸ್‌ಆಫ್ ಒಂದೊಂದೇ ಸಂಕೇತವನ್ನು ಹೋಲಿಸಿ ನೋಡುತ್ತದೆ ಅಷ್ಟೇ, ಅದಕ್ಕೆ ಇವು ಬೇರೆ ಬೇರೆ. ಒಳಹರಿವಿನಲ್ಲಿ ಒತ್ವ ಇಲ್ಲ, 'ಒ' ಅನ್ನುವುದು ಬಿಡಿ ಸ್ವರ, ಅದಕ್ಕೇ ಅದು ಒಂದು ದಿನವೂ ಕೈಕೊಡಲಿಲ್ಲ.

ಆ ಒಬ್ಬರು ಬಹುಶಃ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಿಸಿ ಕಳಿಸುತ್ತಿರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ 'ಹೊ'ಗೆ ಎತ್ವದ ತುಂಡು, ಕೊಂಬಿನ ತುಂಡು ಬೇರೆ ಬೇರೆಯಾಗಿಯೇ ಕೂರುತ್ತಿದ್ದವು. ಬದಲಿಸುವ ಸಾಧನ ತುಂಡಿಗೆ ತುಂಡು ಬದಲಿಸಿ ಕೈತೊಳೆದುಕೊಂಡರೆ ಹೀಗೆ ಉಳಿಯುತ್ತದೆ. ಅವರಿಗೆ ಏನೂ ಹೇಳಬೇಡಿ, ಪಾಪ, ದಿನಾ ಬೆಳಿಗ್ಗೆ ನೆನಪಿಟ್ಟು ಕಳಿಸುವುದೇ ದೊಡ್ಡದು. ಸರಿ ಮಾಡಬೇಕಾದದ್ದು ನಮ್ಮ ಕೋಡ್.

ಪೇಸ್ಟ್ ಮಾಡಿದ ಸಾಲು ಬಂದ ತಕ್ಷಣ, ಬೇರೆ ಏನು ಮಾಡುವ ಮೊದಲೂ, ನಾರ್ಮಲೈಸ್ ಅನ್ನುವ ಫಂಕ್ಷನ್‌ಗೆ 'ಎನ್‌ಎಫ್‌ಸಿ' ಅಂತ ಕೊಟ್ಟು ಓಡಿಸಿ. ಬಿಡಿಬಿಡಿ ತುಂಡುಗಳನ್ನು ಅದು ಒಂದೇ ಚಿಹ್ನೆಗೆ ಸೇರಿಸುತ್ತದೆ. ಒತ್ವ ಮಾತ್ರ ಅಲ್ಲ, ಕೀ, ಕೇ, ಕೈ, ಕೋ ಇವುಗಳಿಗೂ ಇದೇ ತರಹ ಎರಡು ರೂಪ ಇದೆ. ನೀವು ಹುಡುಕುವ ಪದವನ್ನೂ ಒಮ್ಮೆ ನಾರ್ಮಲೈಸ್ ಮಾಡಿ, ಯಾಕಂದ್ರೆ ನಾಳೆ ನೀವೇ ಎಲ್ಲಿಂದಲೋ ಪದ ಕಾಪಿ ಮಾಡಿ ಕೋಡ್‌ಗೆ ಹಾಕಬಹುದು.

ಇನ್ನು ಕತ್ತರಿಸುವ ವಿಷಯ. 7 ಅಕ್ಷರ ಅಂತ ಎಣಿಸಿ ತೆಗೆಯುವುದನ್ನು ನಾನಂತೂ ಒಪ್ಪುವುದಿಲ್ಲ. 620 ಬಂದರೆ ಬಾಲ ಸೇರುತ್ತದೆ. ಹರಿವು ಲಕ್ಷ ದಾಟಿ 1,05,000 ಆದರೆ '1,05,0' ಅಂತ ಕಡಿದು ಬರುತ್ತದೆ. ಗೇಟ್ ತೆಗೆಯುವಂಥ ದಿನ, ಜನ ನಿಜವಾಗಲೂ ನೋಡುವ ದಿನ, ಅವತ್ತೇ ನಿಮ್ಮ ಪುಟ ತಪ್ಪು ತೋರಿಸುತ್ತದೆ. ಉದ್ದ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಹೆಸರು ಗೊತ್ತಿದೆ, ಹೆಸರು ಆದಮೇಲೆ ಸಂಖ್ಯೆ ಬರುತ್ತದೆ ಅಂತ ಗೊತ್ತಿದೆ. ಅಷ್ಟನ್ನೇ ಹೇಳಿ:

/ಹೊರಹರಿವು[ :]*([0-9,.]+)/

ಹೊರಹರಿವು ಅನ್ನುವ ಪದ, ಆಮೇಲೆ ಖಾಲಿ ಜಾಗವೋ ಎರಡು ಚುಕ್ಕಿಯೋ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಆಮೇಲೆ ಅಂಕಿ, ಅಲ್ಪವಿರಾಮ, ಚುಕ್ಕಿ ಎಷ್ಟಿದೆಯೋ ಅಷ್ಟು. ಆವರಣದೊಳಗೆ ಸಿಕ್ಕಿದ್ದು ಮ್ಯಾಚ್ ಕೊಡುವ ಉತ್ತರದಲ್ಲಿ 1ನೇ ಜಾಗದಲ್ಲಿ ಕೂತಿರುತ್ತದೆ. ಇಡೀ ಸಿಕ್ಕಿದ ತುಂಡು 0ನೇ ಜಾಗದಲ್ಲಿ.

ಸಿಗದಿದ್ದರೆ ಮ್ಯಾಚ್ ನಲ್ ಕೊಡುತ್ತದೆ, ಅದರಿಂದ 1ನೇದು ತೆಗೆಯಲು ಹೋದರೆ ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಮೊದಲು ಸಿಕ್ಕಿತಾ ಅಂತ ನೋಡಿ, ಸಿಗದಿದ್ದರೆ ಪುಟದಲ್ಲಿ 'ಮಾಹಿತಿ ಬಂದಿಲ್ಲ' ಅಂತ ಹಾಕಿ. ಹೊಳೆ ವಿಷಯದಲ್ಲಿ ತಪ್ಪು ಸಂಖ್ಯೆಗಿಂತ ಖಾಲಿ ಜಾಗ ಎಷ್ಟೋ ವಾಸಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಗಾಜನೂರು ಗಿರಿ

ಸಾಗರದ ಅಕ್ಕ ಹೇಳಿದ್ದು ಸರಿ, ಅಲ್ಪವಿರಾಮದ ಬಗ್ಗೆ ಒಳ್ಳೆಯದಾಯಿತು. ಇನ್ನೆರಡು ಸೇರಿಸುತ್ತೇನೆ.

ಇಂದಿನ ಮಟ್ಟಕ್ಕೆ ಬರೀ 'ಮಟ್ಟ' ಅಂತ ಹುಡುಕಬೇಡಿ. ಸಾಲಿನಲ್ಲಿ ಗರಿಷ್ಠ ಮಟ್ಟ ಮೊದಲು ಬರುತ್ತದೆ, ದಿನಾ 1819 ತೋರಿಸುತ್ತಾ ಕೂರುತ್ತದೆ, ಬೇಸಿಗೆಯಲ್ಲೂ ಡ್ಯಾಮ್ ತುಂಬಿದ ಹಾಗೆ. 'ಇಂದಿನ ಮಟ್ಟ' ಅಂತ ಪೂರ್ತಿ ಹಾಕಿ. ಕೆಲವರು ಕೊನೆಯಲ್ಲಿ 'ಕಳೆದ ವರ್ಷ ಇದೇ ದಿನ' ಅಂತ ಇನ್ನೊಂದು ಮಟ್ಟವನ್ನೂ ಸೇರಿಸುತ್ತಾರೆ, ಆಗಲೂ ಇದು ಸರಿಯಾಗಿಯೇ ಹಿಡಿಯುತ್ತದೆ.

ಸಂಖ್ಯೆ ಜೊತೆ ಅದರ ಮಾನವನ್ನೂ ತೆಗೆಯಿರಿ. ಈಗ ಲಿಂಗನಮಕ್ಕಿ ಒಂದೇ ಇದೆ, ನಾಳೆ ತುಂಗಾ, ಭದ್ರಾ ಸೇರಿಸುತ್ತೀರಿ ಅಂತಿಟ್ಟುಕೊಳ್ಳಿ. ಲಿಂಗನಮಕ್ಕಿಯ 1819 ಅಡಿ ಸಮುದ್ರ ಮಟ್ಟದಿಂದ ಲೆಕ್ಕ. ಭದ್ರಾ 186 ಅಡಿ, ಅದು ಅಣೆಕಟ್ಟಿನ ಬುಡದಿಂದ. ನಮ್ಮ ಗಾಜನೂರಿನ ತುಂಗಾ 588.24, ಅದು ಮೀಟರ್. ಮೂರನ್ನೂ ಬರೀ ಅಂಕಿಯಾಗಿ ಒಂದು ಟೇಬಲ್‌ನಲ್ಲಿ ಹಾಕಿದರೆ ನೋಡುವವರಿಗೆ ತಲೆಬುಡ ಗೊತ್ತಾಗುವುದಿಲ್ಲ.

/ಇಂದಿನ ಮಟ್ಟ[ :]*([0-9,.]+) *(ಅಡಿ|ಮೀಟರ್)/

1ನೇದರಲ್ಲಿ ಸಂಖ್ಯೆ, 2ನೇದರಲ್ಲಿ ಅಡಿಯೋ ಮೀಟರೋ.

ಮತ್ತೆ ಆ ಹೊರಹರಿವನ್ನು ಜೋಗದ ನೀರು ಅಂತ ಪುಟದಲ್ಲಿ ಬರೆಯಬೇಡಿ. ಲಿಂಗನಮಕ್ಕಿಯಿಂದ ಕರೆಂಟ್‌ಗೆ ಬಿಡುವ ನೀರು ತಳಕಳಲೆ ಜಲಾಶಯದ ಕಡೆ ಹೋಗಿ ಅಲ್ಲಿಂದ ಪವರ್‌ಹೌಸ್‌ಗೆ ಇಳಿಯುತ್ತದೆ, ಅದು ಜಲಪಾತದಲ್ಲಿ ಬೀಳುವುದಿಲ್ಲ. ಗೇಟ್ ತೆಗೆದಾಗ ಹೊಳೆಗೆ ಬಿಡುವ ನೀರು ಮಾತ್ರ ಜೋಗಕ್ಕೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವವರು ಆ ಅಂಕಿ ನಂಬಿಕೊಂಡು ಬರುತ್ತಾರಲ್ಲ, ಅವರಿಗೆ ಮೋಸ ಆಗಬಾರದು.

ತಾಳಗುಪ್ಪದ ಹುಡುಗ

ನಾರ್ಮಲೈಸ್ ಹಾಕಿದ ಕೂಡಲೇ ಹೊರಹರಿವು ಸರಿಯಾಯಿತು ಅಕ್ಕಾ. ರೆಗೆಕ್ಸ್ ಕೂಡ ಹಾಕಿದೆ. ಗಿರಿ ಅಣ್ಣ, ಜೋಗದ ವಿಷಯ ಚಿಕ್ಕಪ್ಪನೂ ಹಾಗೇ ಅಂದರು, ಗೇಟ್ ತೆಗೆದಿದ್ದಾರಾ ಅನ್ನುವುದಕ್ಕೆ ಬೇರೆಯೇ ಒಂದು ಜಾಗ ಮಾಡುತ್ತೇನೆ.

ಈಗ ಸಂಖ್ಯೆ ಪಠ್ಯವಾಗಿ ಬರುತ್ತಿದೆ. ನಿನ್ನೆಗಿಂತ ಎಷ್ಟು ಏರಿತು ಅಂತ ಲೆಕ್ಕ ಹಾಕಬೇಕು. ಪಾರ್ಸ್‌ಫ್ಲೋಟ್ ಕೊಟ್ಟರೆ 35,210 ಅನ್ನುವುದು 35 ಆಗುತ್ತಿದೆ.

ಇನ್ನೊಂದು ಸಣ್ಣದು. ಮಳೆ ಲೆಕ್ಕಕ್ಕೆ ಊರಿನ ಹೆಸರುಗಳ ಬಟನ್ ಇಟ್ಟಿದ್ದೇನೆ. ಮೊಬೈಲ್‌ನಲ್ಲಿ ಜಾಗ ಸಾಲದು ಅಂತ ಮೊದಲ 8 ಮಾತ್ರ ತೋರಿಸುತ್ತೇನೆ. ಆಗುಂಬೆ, ಹೊಸನಗರ ಸರಿ ಬರುತ್ತದೆ, ತೀರ್ಥಹಳ್ಳಿ ಮಾತ್ರ 'ತೀರ್ಥಹಳ್' ಆಗಿದೆ.

ಹಳೇ ಸರ್ವರ್

ಪಾರ್ಸ್‌ಫ್ಲೋಟ್ ಸಂಖ್ಯೆಗೆ ಸೇರದ್ದು ಕಂಡ ಕೂಡಲೇ ನಿಲ್ಲಿಸುತ್ತದೆ. ಅದಕ್ಕೆ ಅಲ್ಪವಿರಾಮ ಅಂದರೆ ಅಲ್ಲಿಗೆ ಮುಗಿಯಿತು ಅಂತ. ಮೊದಲು ಅಲ್ಪವಿರಾಮ ತೆಗೆಯಿರಿ, ಆದರೆ ರಿಪ್ಲೇಸ್ ಅಲ್ಲ, ರಿಪ್ಲೇಸ್‌ಆಲ್. ರಿಪ್ಲೇಸ್‌ಗೆ ಬರೀ ಸ್ಟ್ರಿಂಗ್ ಕೊಟ್ಟರೆ ಮೊದಲನೆಯದನ್ನು ಮಾತ್ರ ತೆಗೆಯುತ್ತದೆ. 35,210ಕ್ಕೆ ಅದು ಸಾಕು, ಪರೀಕ್ಷೆಯಲ್ಲಿ ಪಾಸ್ ಆಗುತ್ತದೆ. 1,05,000 ಬಂದ ದಿನ ಅದು 105,000 ಆಗಿ, ಪಾರ್ಸ್‌ಫ್ಲೋಟ್ 105 ಕೊಡುತ್ತದೆ. ಲಕ್ಷ ಕ್ಯೂಸೆಕ್ ಹೋಗಿ ನೂರೈದು.

ಕನ್ನಡ ಅಂಕಿಯಲ್ಲಿ ಕಳಿಸುವವರೂ ಇದ್ದಾರೆ, ೧೭೯೪ ಅಂತ. ಹಾಗಿದ್ದರೆ ರೆಗೆಕ್ಸ್‌ನಲ್ಲಿ [0-9೦-೯,.] ಅಂತ ಸೇರಿಸಿ. ಸಿಕ್ಕಿದ ಮೇಲೆ ಒಂದೊಂದು ಕನ್ನಡ ಅಂಕಿಯ ಸಂಕೇತ ಸಂಖ್ಯೆಯಿಂದ '೦'ಯ ಸಂಕೇತ ಸಂಖ್ಯೆ ಕಳೆಯಿರಿ, 0ರಿಂದ 9 ಸಿಗುತ್ತದೆ. ಜಾವಾಸ್ಕ್ರಿಪ್ಟ್ ತಾನಾಗಿ ಇದನ್ನು ಮಾಡುವುದಿಲ್ಲ, ಕನ್ನಡ ಅಂಕಿ ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಅನ್ನುತ್ತದೆ.

ನನ್ನ ಕೆಲಸ ಹೆಚ್ಚು ಪಿಎಚ್‌ಪಿಯಲ್ಲಿ. ನಾಳೆ ನೀವು ಇದನ್ನು ಸರ್ವರ್ ಕಡೆ ಒಯ್ದರೆ ಅಂತ ಹೇಳುತ್ತೇನೆ. ಅಲ್ಲಿನ ಸಬ್‌ಸ್ಟ್ರ್ ಬೈಟ್ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ತೀರ್ಥಹಳ್ಳಿ 10 ಚಿಹ್ನೆ, 30 ಬೈಟ್. ಅದರಿಂದ 10 ತೆಗೆಯಿರಿ ಅಂದರೆ ಮೂರು ಚಿಹ್ನೆ ಪೂರ್ತಿ ಬಂದು ನಾಲ್ಕನೆಯದರ ಮೂರನೇ ಒಂದು ಭಾಗ ಅಂಟಿಕೊಂಡಿರುತ್ತದೆ, ಪುಟದಲ್ಲಿ 'ತೀರ' ಆದಮೇಲೆ ಕಪ್ಪು ಡೈಮಂಡ್‌ನೊಳಗೆ ಪ್ರಶ್ನೆ ಚಿಹ್ನೆ. ಅದನ್ನೇ ಬ್ರೌಸರ್‌ಗೆ ಕಳಿಸಲು ಜೇಸನ್ (ಮಾಹಿತಿ ಕಳಿಸುವ ಒಂದು ಪಠ್ಯ ರೂಪ) ಮಾಡಲು ಹೋದರೆ ಜೇಸನ್ ಎನ್‌ಕೋಡ್ ಫಾಲ್ಸ್ ಕೊಟ್ಟು ಸುಮ್ಮನಾಗುತ್ತದೆ, ಯಾಕೆ ಖಾಲಿ ಬಂತು ಅಂತ ಅರ್ಧ ದಿನ ಹುಡುಕಬೇಕು. ಬೈಟ್ ಬದಲು ಚಿಹ್ನೆ ಎಣಿಸುವ, ಎಂಬಿ (mb_) ಅಂತ ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ. ಹುಡುಕುವುದಕ್ಕೆ ಒಂದು, ಕತ್ತರಿಸುವುದಕ್ಕೆ ಇನ್ನೊಂದು ಅಂತ ಬೆರೆಸಬೇಡಿ. ಎಂಬಿ ಇಲ್ಲದ ಸ್ಟ್ರ್‌ಪಾಸ್ ಕೊಡುವುದು ಬೈಟ್ ಲೆಕ್ಕದ ಜಾಗ, ಅದನ್ನು ಎಂಬಿ ಸಬ್‌ಸ್ಟ್ರ್‌ಗೆ ಕೊಟ್ಟರೆ ಎಲ್ಲೋ ಆಚೆ ಹೋಗಿ ಕತ್ತರಿಸುತ್ತದೆ. ಮತ್ತೆ ಅಲ್ಲಿ ಸಿಗದಿದ್ದರೆ -1 ಅಲ್ಲ, ಫಾಲ್ಸ್. ಸಾಲಿನ ಶುರುವಿನಲ್ಲೇ ಸಿಕ್ಕಿದರೆ 0. ಎರಡನ್ನೂ ಬೇರೆ ಮಾಡಲು ಮೂರು ಸಮ ಚಿಹ್ನೆ (===) ಬೇಕೇ ಬೇಕು.

ಸಾಗರದವಳು

ಬಟನ್ ವಿಷಯಕ್ಕೆ ಬರುತ್ತೇನೆ. ಸಾಧ್ಯವಾದರೆ ಕತ್ತರಿಸಲೇಬೇಡಿ ತಮ್ಮಾ. ಪೂರ್ತಿ ಹೆಸರು ಕೊಟ್ಟು ಸಿಎಸ್‌ಎಸ್‌ನ ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಹಾಕಿ, ಜಾಗ ಸಾಲದಿದ್ದರೆ ಬ್ರೌಸರ್ ತಾನೇ ಮೂರು ಚುಕ್ಕಿ ಹಾಕುತ್ತದೆ, ದೊಡ್ಡ ಪರದೆಯಲ್ಲಿ ಪೂರ್ತಿ ತೋರಿಸುತ್ತದೆ. ಊರಿನ ಹೆಸರನ್ನು ಅರ್ಧಕ್ಕೆ ಕಡಿದು ತೋರಿಸುವುದು ಆ ಊರಿನವರಿಗೂ ಚೆನ್ನಾಗಿ ಕಾಣುವುದಿಲ್ಲ.

ಕೋಡ್‌ನಲ್ಲೇ ಬೇಕು ಅಂದರೆ ಅಕ್ಷರ ಲೆಕ್ಕದಲ್ಲಿ ಕತ್ತರಿಸಬೇಕು. ನಮಗೆ ತೀರ್ಥಹಳ್ಳಿ ಅಂದರೆ ತೀ, ರ್ಥ, ಹ, ಳ್ಳಿ, ನಾಲ್ಕೇ ಅಕ್ಷರ. ಬ್ರೌಸರ್‌ನಲ್ಲಿ ಇಂಟ್ಲ್ ಸೆಗ್ಮೆಂಟರ್ ಅಂತ ಇದೆ, ಅಕ್ಷರಗಳನ್ನು ಗುಂಪು ಮಾಡಿ ಕೊಡುತ್ತದೆ. ಕ್ರೋಮ್, ಸಫಾರಿಯಲ್ಲಿ ಮೊದಲೇ ಇತ್ತು, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ಆದರೆ ಕನ್ನಡಕ್ಕೆ ಅದೊಂದೇ ಸಾಲದು. ಗುಣಿತ, ಸೊನ್ನೆ ಸರಿಯಾಗಿ ಸೇರಿಸುತ್ತದೆ, ಒತ್ತಕ್ಷರವನ್ನು ಮಾತ್ರ ಒಡೆಯುತ್ತದೆ. ನನ್ನ ಬ್ರೌಸರ್‌ನಲ್ಲಿ ತೀರ್ಥಹಳ್ಳಿಗೆ ಬರುವುದು ತೀ, ರ್, ಥ, ಹ, ಳ್, ಳಿ, ಒಟ್ಟು ಆರು. ಹಿಂದಿಯ ದೇವನಾಗರಿಗೆ, ತೆಲುಗಿಗೆ ಯೂನಿಕೋಡ್ 15.1ರಲ್ಲಿ ಒತ್ತು ಸೇರಿಸುವ ನಿಯಮ ಬಂತು, ಕನ್ನಡವನ್ನು ಆ ಪಟ್ಟಿಗೆ ಸೇರಿಸಲಿಲ್ಲ. ನನಗೆ ಇದು ಬೇಜಾರಿನ ವಿಷಯ. ಇಷ್ಟು ಒತ್ತಕ್ಷರ ಇರುವ ಭಾಷೆ ನಮ್ಮದು.

ಪರಿಹಾರ ಸುಲಭ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಯಾವ ತುಂಡಿನ ಕೊನೆಯಲ್ಲಿ ಹಲಂತ ಇದೆಯೋ ಅದಕ್ಕೆ ಮುಂದಿನ ತುಂಡು ಅಂಟಿಸಿ, ಮುಂದಿನದು ಕನ್ನಡ ವ್ಯಂಜನದಿಂದ ಶುರುವಾಗುತ್ತಿದ್ದರೆ ಮಾತ್ರ. ಈ ಷರತ್ತು ಬಿಡಬೇಡಿ, ಇಲ್ಲದಿದ್ದರೆ 'ಕ್ಯೂಸೆಕ್' ಆದಮೇಲಿನ ಖಾಲಿ ಜಾಗವೂ ಒತ್ತಕ್ಷರ ಆಗಿಬಿಡುತ್ತದೆ. 'ಪವರ್‌ಹೌಸ್' ತರಹ ಮಧ್ಯೆ ಕಾಣದ ಜೋಡಣೆ-ತಡೆ ಚಿಹ್ನೆ ಹಾಕಿ ಬರೆದ ಪದಗಳಲ್ಲಿ ತುಂಡಿನ ಕೊನೆಗೆ ಆ ಚಿಹ್ನೆ ಇರುತ್ತದೆ, ಹಲಂತ ಅಲ್ಲ, ಹಾಗಾಗಿ ಅಲ್ಲಿ ತಾನಾಗಿಯೇ ಬೇರೆ ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ. ಹೀಗೆ ಸೇರಿಸಿದ ಪಟ್ಟಿಯಿಂದ ಮೊದಲ ಎಷ್ಟು ಬೇಕೋ ಅಷ್ಟು ಸ್ಲೈಸ್ ಮಾಡಿ ಜೋಡಿಸಿ.

ತಾಳಗುಪ್ಪದ ಹುಡುಗ

ಬಟನ್‌ಗೆ ಸಿಎಸ್‌ಎಸ್ ಹಾಕಿದೆ, ಚೆನ್ನಾಗಿ ಕಾಣುತ್ತಿದೆ. ರಿಪ್ಲೇಸ್‌ಆಲ್ ಕೂಡ ಆಯಿತು, ಲಕ್ಷದ ಸಂಖ್ಯೆ ಕೊಟ್ಟು ನೋಡಿದೆ, ಸರಿ ಬಂತು. ಉಳಿಸಿಟ್ಟ ಹಳೆಯ ಸಾಲುಗಳನ್ನೆಲ್ಲ ಹೊಸ ಕೋಡ್‌ಗೆ ಕೊಟ್ಟೆ. ಹೆಚ್ಚಿನವು ಸರಿ ಇವೆ, ಕೆಲವಕ್ಕೆ ಒಳಹರಿವಿನ ಜಾಗದಲ್ಲಿ 'ಮಾಹಿತಿ ಬಂದಿಲ್ಲ' ಅಂತ ಬಂತು. ನೋಡಿದರೆ ಅವುಗಳಲ್ಲಿ 'ಒಳ ಹರಿವು' ಅಂತ ಬಿಡಿಸಿ ಬರೆದಿದ್ದಾರೆ. ಒಂದರಲ್ಲಿ ಪದ ಆದಮೇಲೆ ಅಡ್ಡಗೆರೆ ಇದೆ.

ಹಳೇ ಸರ್ವರ್

ಖಾಲಿ ಜಾಗ ಆದಮೇಲೆ ಪ್ರಶ್ನೆ ಚಿಹ್ನೆ ಹಾಕಿದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅಂತ ಅರ್ಥ. ಅಡ್ಡಗೆರೆಯನ್ನು ಚೌಕ ಆವರಣದ ಕೊನೆಯಲ್ಲಿ ಇಡಿ, ಮಧ್ಯದಲ್ಲಿ ಇಟ್ಟರೆ 'ಇದರಿಂದ ಅದರವರೆಗೆ' ಅಂತ ಓದಿಕೊಳ್ಳುತ್ತದೆ.

/ಒಳ ?ಹರಿವು[ :-]*([0-9೦-೯,.]+)/

ಹೊರಹರಿವಿಗೂ ಹೀಗೇ ಮಾಡಿ. ಫೋನ್‌ನಿಂದ ಕಳಿಸುವವರ ಅಡ್ಡಗೆರೆ ಕೆಲವು ಸಲ ಉದ್ದದ್ದು ಇರುತ್ತದೆ (–), ಅದನ್ನೂ ಆ ಆವರಣದೊಳಗೆ ಸೇರಿಸಿಬಿಡಿ, ಗಿಡ್ಡ ಅಡ್ಡಗೆರೆಗಿಂತ ಮುಂಚೆ.